ಮಳೆಗಾಲದಲ್ಲಿ ಮನೆಯೊಳಗಿನ ಗಿಡ ಬಾಡಿದರೆ ಮೊದಲು ಬೇರು ನೋಡಿ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಮುರಕಲ್ಲಿನ ಗೋಡೆಯ ಹಂಚಿನ ಮನೆ. ವಿಷುವಿನ ಹೊತ್ತಿಗೆ ನರ್ಸರಿಯಿಂದ ಮನಿಪ್ಲಾಂಟ್, ಪೀಸ್ ಲಿಲ್ಲಿ, ಸ್ನೇಕ್ ಪ್ಲಾಂಟ್ ತಂದು, ತೋಟದ ಕೆಂಪು ಮಣ್ಣಿಗೆ ಹಟ್ಟಿಗೊಬ್ಬರ ಬೆರೆಸಿ, ದೊಡ್ಡ ಪ್ಲಾಸ್ಟಿಕ್ ಚಟ್ಟಿಗಳಲ್ಲಿ ನೆಟ್ಟು ಚಾವಡಿಯಲ್ಲಿಟ್ಟೆ. ಚಟ್ಟಿಯ ತಳಕ್ಕೆ ಜಲ್ಲಿಯನ್ನೂ ಹಾಕಿದ್ದೇನೆ. ದಿನಾ ಬೆಳಿಗ್ಗೆ ಒಂದೊಂದು ಚೆಂಬು ನೀರು. ಮೇ ಕೊನೆಯವರೆಗೆ ಚೆನ್ನಾಗಿದ್ದವು. ಈಗ ಜುಲೈಯಲ್ಲಿ ಮನಿಪ್ಲಾಂಟಿನ ಎಲೆ ಕೆಳಗಿನಿಂದ ಹಳದಿಯಾಗುತ್ತಿದೆ. ಪೀಸ್ ಲಿಲ್ಲಿ ನೀರು ಹಾಕಿದರೂ ಜೋತುಬೀಳುತ್ತದೆ, ಎಲೆಯ ತುದಿ ಕಂದು. ಸ್ನೇಕ್ ಪ್ಲಾಂಟಿನ ಬುಡ ಮೆತ್ತಗಾಗಿ ವಾಸನೆ ಬರುತ್ತಿದೆ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ, ಮನಿಪ್ಲಾಂಟಿನ ಗಂಟುಗಳಲ್ಲಿ ಹತ್ತಿಯಂಥ ಬಿಳಿ ಹುಳ. ಗೊಬ್ಬರ ಕಡಿಮೆಯಾಯಿತೇ? ತೋಟಕ್ಕೆ ತಂದಿಟ್ಟ ಕೀಟನಾಶಕ ಅಥವಾ ಬೋರ್ಡೊ ದ್ರಾವಣ (ಮೈಲುತುತ್ತು, ಸುಣ್ಣದ ಮಿಶ್ರಣ) ಹಾಕಬಹುದೇ?

ಉತ್ತರ: ಗೊಬ್ಬರ ಕಡಿಮೆಯಾಗಿಲ್ಲ, ಬೇರಿಗೆ ಗಾಳಿ ಕಡಿಮೆಯಾಗಿದೆ. ಈ ಹೊತ್ತಿನಲ್ಲಿ ಗೊಬ್ಬರ ಹಾಕಿದರೆ ಉಳಿದಿರುವ ನಾಲ್ಕು ಬೇರೂ ಸುಟ್ಟುಹೋಗುತ್ತವೆ. ಹಾಗಾಗಿ ಗೊಬ್ಬರ, ನೀರು, ಔಷಧ ಮೂರನ್ನೂ ಇವತ್ತಿಗೆ ನಿಲ್ಲಿಸಿ.

ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿರುವ ಗಾಳಿಯಿಂದಲೇ ಅದಕ್ಕೆ ಆಮ್ಲಜನಕ ಸಿಗಬೇಕು. ಆ ಸಂದಿಗಳಲ್ಲೆಲ್ಲ ನೀರು ನಿಂತರೆ ಆಮ್ಲಜನಕ ಒಳಗೆ ಹೋಗುವುದು ಬಹುತೇಕ ನಿಂತಂತೆಯೇ, ಏಕೆಂದರೆ ಅದು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮೇ ತಿಂಗಳಲ್ಲಿ ನೀವು ಹಾಕಿದ ಚೆಂಬು ನೀರಿನ ಬಹುಪಾಲು ಸೆಖೆಗೆ ಆರಿ, ಎಲೆಯ ಮೂಲಕ ಆವಿಯಾಗಿ ಹೋಗುತ್ತಿತ್ತು. ಜುಲೈಯಲ್ಲಿ ಗಾಳಿಯೇ ಒದ್ದೆ, ಚಾವಡಿಯಲ್ಲಿ ಬೆಳಕೂ ಇಲ್ಲ. ಎಲೆ ನೀರು ಎಳೆಯುವುದಿಲ್ಲ, ಮಣ್ಣೂ ಆರುವುದಿಲ್ಲ. ಅದೇ ಒಂದು ಚೆಂಬು ಈಗ ದಿನದಿಂದ ದಿನಕ್ಕೆ ಚಟ್ಟಿಯಲ್ಲೇ ಉಳಿಯುತ್ತಿದೆ.

ಉಸಿರು ಕಟ್ಟಿ ಸತ್ತ ಬೇರು ನೀರು ಕುಡಿಯಲಾರದು. ಅದಕ್ಕೇ ಪೀಸ್ ಲಿಲ್ಲಿ ಒದ್ದೆ ಮಣ್ಣಿನಲ್ಲಿದ್ದೂ ಬಾಯಾರಿದ ಗಿಡದ ಹಾಗೆ ಜೋತುಬೀಳುತ್ತದೆ. ಅದನ್ನು ನೋಡಿದವರು ಇನ್ನೊಂದು ಚೆಂಬು ಹಾಕುತ್ತಾರೆ. ಮಳೆಗಾಲದಲ್ಲಿ ಮನೆಯೊಳಗಿನ ಗಿಡ ಸಾಯುವುದು ಹೆಚ್ಚಾಗಿ ಇಲ್ಲಿಯೇ. ಮಣ್ಣು ಒಣಗಿದ್ದು ಎಲೆ ಜೋತರೆ ನೀರಿನ ಕೊರತೆ. ಮಣ್ಣು ಒದ್ದೆಯಿದ್ದು ಎಲೆ ಜೋತರೆ ಬೇರಿನ ಕೊಳೆ. ಎಲೆಯನ್ನಷ್ಟೇ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಅಡಿಕೆ ತೋಟವಿರುವವರಿಗೆ ಈ ಕಾಯಿಲೆ ಹೊಸದಲ್ಲ. ಕೊಳೆರೋಗ ತರುವ ಫೈಟಾಫ್ತೊರಾ ಕುಲದ ಜೀವಿಗಳೂ ಅವುಗಳ ಹತ್ತಿರದ ಸಂಬಂಧಿ ಪೈಥಿಯಂ ಕೂಡ ಚಟ್ಟಿಯ ಗಿಡದ ಬೇರನ್ನು ಕೊಳೆಯಿಸುತ್ತವೆ. ಇವುಗಳ ಬೀಜಾಣುಗಳು ನೀರಿನಲ್ಲಿ ಈಜಿಯೇ ಬೇರಿನಿಂದ ಬೇರಿಗೆ ಹೋಗುತ್ತವೆ. ಬಿಡದೆ ಹಿಡಿದ ಮಳೆಯಲ್ಲಿ ಗೊನೆ ಕೊಳೆಯುವುದೂ ಬಿಡದೆ ಒದ್ದೆಯಾದ ಚಟ್ಟಿಯಲ್ಲಿ ಬೇರು ಕೊಳೆಯುವುದೂ ಇದೇ ಕಾರಣಕ್ಕೆ.

ಈಗ ಗಿಡಗಳನ್ನು ಒಂದೊಂದಾಗಿ ಹೊರತೆಗೆಯಿರಿ. ಹಳೆ ಪೇಪರು ಹಾಸಿ, ಚಟ್ಟಿಯನ್ನು ಅಡ್ಡ ಮಲಗಿಸಿ, ಬದಿಗಳನ್ನು ಅಮುಕಿ ಮಣ್ಣಿನ ಮುದ್ದೆಯನ್ನು ಇಡಿಯಾಗಿ ಜಾರಿಸಿ. ಕಾಂಡ ಹಿಡಿದು ಎಳೆಯಬೇಡಿ, ಕೊಳೆತ ಬೇರು ಒಳಗೇ ಉಳಿದುಬಿಡುತ್ತದೆ. ಬಕೆಟ್ ನೀರಿನಲ್ಲಿ ಅದ್ದಿ ಮಣ್ಣನ್ನು ಪೂರ್ತಿ ತೊಳೆಯಿರಿ. ಆಮೇಲೆ ಒಂದು ಬೇರನ್ನು ಎರಡು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಬಿಳಿ ಅಥವಾ ಕೆನೆ ಬಣ್ಣವಿದ್ದು, ಗಟ್ಟಿಯಾಗಿದ್ದು, ಎಳೆದರೂ ಜಗ್ಗದಿದ್ದರೆ ಜೀವವಿದೆ. ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಲೋಳೆಯಾಗಿ, ಮೇಲಿನ ಸಿಪ್ಪೆ ಇಡಿಯಾಗಿ ಜಾರಿ ಒಳಗಿನ ನೂಲಿನಂಥ ಎಳೆಯೊಂದೇ ಕೈಯಲ್ಲಿ ಉಳಿದರೆ ಆ ಬೇರು ಸತ್ತಿದೆ. ಬಣ್ಣ ಒಂದನ್ನೇ ನಂಬಬೇಡಿ. ನಮ್ಮ ಕೆಂಪು ಮಣ್ಣು ಆರೋಗ್ಯದ ಬೇರಿಗೂ ಕಂದು ಬಣ್ಣ ಹಿಡಿಸುತ್ತದೆ. ಸಿಪ್ಪೆ ಜಾರುತ್ತದೋ ಇಲ್ಲವೋ ಎಂಬುದೇ ನಿಜವಾದ ಪರೀಕ್ಷೆ.

ಸತ್ತ ಬೇರನ್ನೆಲ್ಲ ಕತ್ತರಿಸಿ, ಗಟ್ಟಿ ಭಾಗದೊಳಕ್ಕೆ ಅರ್ಧ ಸೆಂಟಿಮೀಟರ್ ಹೋಗುವಷ್ಟು. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಶೇ. 70ರ ಸ್ಪಿರಿಟ್ಟಿನಲ್ಲಿ ಒರೆಸಿ. ಅರ್ಧ ಬೇರು ಹೋಗಿದ್ದರೆ ಎಲೆಯನ್ನೂ ಮೂರನೇ ಒಂದು ಪಾಲು ಕಡಿಮೆ ಮಾಡಿ, ಹಳದಿಯಾದವು ಮೊದಲು. ಉಳಿದ ಬೇರಿಗೆ ಅಷ್ಟೂ ಎಲೆಗೆ ನೀರು ಒದಗಿಸುವ ಶಕ್ತಿ ಇರುವುದಿಲ್ಲ. ಪೀಸ್ ಲಿಲ್ಲಿಯಲ್ಲಿ ಹೂವಿದ್ದರೆ ಬುಡದಿಂದಲೇ ತೆಗೆಯಿರಿ. ಮನಿಪ್ಲಾಂಟಿನಿಂದ ಎರಡು ಗಂಟುಗಳಿರುವ ನಾಲ್ಕಾರು ತುಂಡುಗಳನ್ನು ಕತ್ತರಿಸಿ ನೀರಿನ ಬಾಟಲಿಯಲ್ಲಿಡಿ, ಕೆಳಗಿನ ಗಂಟು ನೀರಿನೊಳಗಿರಲಿ. ಗಂಟಿನಿಂದಲ್ಲದೆ ಬೇರೆಲ್ಲಿಂದಲೂ ಬೇರು ಬರುವುದಿಲ್ಲ. ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ತಾಯಿ ಗಿಡ ಉಳಿಯದಿದ್ದರೂ ನಿಮ್ಮ ಮನಿಪ್ಲಾಂಟ್ ಉಳಿಯುತ್ತದೆ.

ಇನ್ನು ಮಣ್ಣಿನ ವಿಷಯ. ಇದನ್ನು ಸರಿಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಮುರಕಲ್ಲಿನ ನೆಲದ ಕೆಂಪು ಮಣ್ಣು ತೋಟದಲ್ಲಿ ಒಳ್ಳೆಯದೇ. ಅಲ್ಲಿ ಎರೆಹುಳ ಇದೆ, ತರಗೆಲೆ ಇದೆ, ನೀರು ಇಳಿದುಹೋಗಲು ಆಳವಿದೆ. ಒಂದು ಅಡಿ ಎತ್ತರದ ಚಟ್ಟಿಯಲ್ಲಿ ಅದೇ ಮಣ್ಣು ದಿನಾ ನೀರು ಬಿದ್ದು ಕುಗ್ಗಿ ಗಟ್ಟಿಯಾಗುತ್ತದೆ. ಸಾಲದ್ದಕ್ಕೆ ಪೂರ್ತಿ ಹುಡಿಯಾಗದ ಹಟ್ಟಿಗೊಬ್ಬರ ಸೇರಿದರೆ, ಅದು ಚಟ್ಟಿಯೊಳಗೇ ಕೊಳೆಯುತ್ತ ಇರುವಷ್ಟು ಆಮ್ಲಜನಕವನ್ನೂ ತಾನೇ ಬಳಸಿಕೊಳ್ಳುತ್ತದೆ, ಅಮೋನಿಯಾ ಬಿಡುತ್ತದೆ. ಕಪ್ಪು ನೊಣ ಬಂದದ್ದೂ ಅದರ ದೆಸೆಯಿಂದಲೇ.

ತಳಕ್ಕೆ ಹಾಕಿದ ಜಲ್ಲಿಯಿಂದ ನೀರು ಚೆನ್ನಾಗಿ ಇಳಿಯುತ್ತದೆ ಎಂಬುದು ಬಹಳ ಹಳೆಯ ನಂಬಿಕೆ, ನಿಜ ಬೇರೆಯೇ. ನಯವಾದ ಮಣ್ಣು ನೀರನ್ನು ತನ್ನ ಸಣ್ಣ ಸಂದಿಗಳಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಕೆಳಗಿರುವ ದೊಡ್ಡ ಜಲ್ಲಿಯ ಸಂದಿಗೆ ಅದನ್ನು ಬಿಡುವುದು ತಾನು ಪೂರ್ತಿ ತೊಯ್ದ ಮೇಲೆಯೇ. ಅಂದರೆ ಯಾವ ಚಟ್ಟಿಯಲ್ಲೂ ತಳದಲ್ಲಿ ಸ್ವಲ್ಪ ಎತ್ತರದವರೆಗೆ ನೀರು ನಿಂತ ಪದರ ಇದ್ದೇ ಇರುತ್ತದೆ. ನೀವು ಎರಡು ಇಂಚು ಜಲ್ಲಿ ಹಾಕಿದರೆ ಆ ಪದರ ಎರಡು ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ಜಲ್ಲಿ ತೆಗೆದುಬಿಡಿ. ತೂತಿನ ಮೇಲೆ ಒಂದು ತುಂಡು ನೈಲಾನ್ ಬಲೆ ಸಾಕು. ಜಲ್ಲಿಯ ಕೆಲಸವನ್ನು ಮಿಶ್ರಣವೇ ಮಾಡಬೇಕು.

ಮಿಶ್ರಣಕ್ಕೆ ಬೇಕಾದದ್ದು ನಮ್ಮ ಜಿಲ್ಲೆಯಲ್ಲಿ ಹಿತ್ತಿಲಲ್ಲೇ ಬಿದ್ದಿರುತ್ತದೆ, ಅಂಗಡಿಯ ಪರ್ಲೈಟಿಗೆ (ಮಣ್ಣು ಸಡಿಲವಾಗಿಸುವ ಹಗುರ ಬಿಳಿ ಹರಳು) ದುಡ್ಡು ಕೊಡಬೇಕೆಂದಿಲ್ಲ. ತೆಂಗಿನ ನಾರಿನ ಹುಡಿ 2 ಪಾಲು, ಒಡೆದ ಹಂಚಿನ ಚೂರು 1 ಪಾಲು, ಗೆರಟೆ ಮಸಿ (ತೆಂಗಿನ ಚಿಪ್ಪಿನ ಇದ್ದಲು) ಅರ್ಧ ಪಾಲು, ಎರೆಗೊಬ್ಬರ ಅರ್ಧ ಪಾಲು. ಮನಿಪ್ಲಾಂಟಿಗೂ ಪೀಸ್ ಲಿಲ್ಲಿಗೂ ಇದೇ. ಹಳೆಯ ಮಂಗಳೂರು ಹಂಚನ್ನು ಗೋಣಿಯಲ್ಲಿ ಸುತ್ತಿ ಕುಟ್ಟಿ, 3ರಿಂದ 5 ಮಿಲಿಮೀಟರ್ ಚೂರುಗಳನ್ನು ಜರಡಿಯಲ್ಲಿ ಉಳಿಸಿಕೊಂಡು ಹುಡಿಯನ್ನು ಬಿಸಾಡಿ. ಹುಡಿ ಸೇರಿದರೆ ಮತ್ತೆ ಸಂದಿ ಮುಚ್ಚುತ್ತದೆ. ಸುಟ್ಟ ಜೇಡಿಯಾದ್ದರಿಂದ ಹಂಚು ಸ್ವಲ್ಪ ನೀರನ್ನು ಹೀರಿಕೊಂಡೂ ಇರುತ್ತದೆ, ಸುತ್ತ ಗಾಳಿಗೂ ಜಾಗ ಕೊಡುತ್ತದೆ. ಹಂಚು ಸಿಗದಿದ್ದರೆ ಹೊಳೆಯ ದಪ್ಪ ಹೊಯಿಗೆ (ಮರಳು) ಆದೀತು, ಕಡಲಿನ ಹೊಯಿಗೆ ಬೇಡ, ಅದರಲ್ಲಿ ಉಪ್ಪಿದೆ. ಮಸಿಯನ್ನು ಕಡಲೆಕಾಳಿನ ಗಾತ್ರಕ್ಕೆ ಒಡೆದು ತೊಳೆದುಕೊಳ್ಳಿ. ಒಲೆಯ ಬೂದಿ ಮಸಿಯ ಬದಲಿಗೆ ಆಗುವುದಿಲ್ಲ, ಅದು ಕ್ಷಾರ.

ನಾರಿನ ಹುಡಿಯ ಬಗ್ಗೆ ಒಂದು ಎಚ್ಚರಿಕೆ. ಹಿನ್ನೀರಿನ ಉಪ್ಪುನೀರಿನಲ್ಲಿ ನೆನೆಸಿದ ತೆಂಗಿನ ಸಿಪ್ಪೆಯಿಂದ ಬಂದ ಹುಡಿಯಲ್ಲಿ ಉಪ್ಪು ಜಾಸ್ತಿ. ಹಸಿ ಸಿಪ್ಪೆಯ ಹುಡಿಯಲ್ಲಿ ಪೊಟ್ಯಾಷ್ ಮತ್ತು ಟ್ಯಾನಿನ್ ಜಾಸ್ತಿ. ಹುಡಿಯ ಎರಡು ಪಟ್ಟು ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡಿ, ಆ ನೀರು ಚೆಲ್ಲಿ. ಹೀಗೆ ಮೂರು ಸಲ. ಮೊದಲ ನೀರು ಕಾಫಿ ಬಣ್ಣಕ್ಕಿರುತ್ತದೆ, ಮೂರನೆಯದು ತಿಳಿಯಾಗಿರಬೇಕು. ಮಾಡಿನಿಂದ ಇಳಿಯುವ ಮಳೆನೀರು ಇದಕ್ಕೆ ಬಹಳ ಒಳ್ಳೆಯದು, ಅದರಲ್ಲಿ ಉಪ್ಪಿನಂಶವೇ ಇರುವುದಿಲ್ಲ ಎನ್ನಬಹುದು. ಅಂಗಡಿಯ 650 ಗ್ರಾಮಿನ ಇಟ್ಟಿಗೆಯಾದರೂ ಒಂದು ಸಲವಾದರೂ ತೊಳೆದೇ ಬಳಸಿ. ಅದು ಉಬ್ಬಿದರೆ 8 ಲೀಟರಿನ ಆಸುಪಾಸು ಹುಡಿಯಾಗುತ್ತದೆ, ನಿಮ್ಮ ಮೂರು ಗಿಡಗಳಿಗೆ ಸಾಕು.

ಚಟ್ಟಿ ದೊಡ್ಡದಿದ್ದರೆ ಗಿಡ ದೊಡ್ಡದಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇರು ತಲುಪದ ಮಣ್ಣಿನ ನೀರನ್ನು ಎಳೆಯುವವರಿಲ್ಲ. ಕತ್ತರಿಸಿ ಉಳಿದ ಬೇರಿನ ಗುಂಪಿಗಿಂತ ಎರಡು ಮೂರು ಸೆಂಟಿಮೀಟರ್ ಅಗಲವಿದ್ದರೆ ಸಾಕು, ಹೆಚ್ಚೆಂದರೆ 4 ಅಥವಾ 5 ಇಂಚಿನ ಚಟ್ಟಿ. ಮಣ್ಣಿನ ಚಟ್ಟಿ ಸಿಕ್ಕಿದರೆ ಅದೇ ಇರಲಿ, ಬದಿಯಿಂದಲೂ ಆರುತ್ತದೆ. ನೆಟ್ಟ ಮೇಲೆ ನೀರು ಹಾಕಿ ನೋಡಿ. ಮೇಲೆ ನಿಲ್ಲದೆ ಕೆಲವೇ ಸೆಕೆಂಡುಗಳಲ್ಲಿ ಕೆಳಗಿನಿಂದ ಸುರಿಯಬೇಕು. ಹೊಂಡದಂತೆ ನಿಂತರೆ ಇನ್ನಷ್ಟು ಹಂಚಿನ ಚೂರು ಬೇಕೆಂದು ಅರ್ಥ.

ಆಮೇಲೆ ನೀರು ಯಾವಾಗ? ದಿನ ಎಣಿಸಿ ಹಾಕುವುದನ್ನು ಬಿಟ್ಟುಬಿಡಿ. ನೀರು ಹಾಕಿದ ಕೂಡಲೇ ಚಟ್ಟಿಯನ್ನು ಕೈಯಲ್ಲಿ ಎತ್ತಿ ಭಾರ ನೆನಪಿಟ್ಟುಕೊಳ್ಳಿ. ಕಣ್ಣಿಗೆ ಕಾಣುವ ಮೇಲ್ಮೈ ಒಣಗಿದ್ದರೂ ಚಟ್ಟಿ ಭಾರವಿದ್ದರೆ ಬೇಡ. ಬೆರಳಿನ ಎರಡು ಗಂಟು ಒಳಗೆ ತೂರಿದಾಗ ತಂಪಿಲ್ಲದಿದ್ದರೆ, ಚಟ್ಟಿಯೂ ಹಗುರವಾಗಿದ್ದರೆ, ಕೆಳಗೆ ಇಳಿದುಹೋಗುವಷ್ಟು ಪೂರ್ತಿ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಜುಲೈ ಆಗಸ್ಟಿನಲ್ಲಿ ಮನಿಪ್ಲಾಂಟಿಗೆ ವಾರ, ಹತ್ತು ದಿನಕ್ಕೊಮ್ಮೆ ಬೇಕಾದೀತು. ಅದೇ ಗಿಡಕ್ಕೆ ಮಾರ್ಚ್ ಏಪ್ರಿಲಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ಬೇಕು. ಬೇಸಗೆಯಲ್ಲಿ ನಾರಿನ ಹುಡಿ ಪೂರ್ತಿ ಒಣಗಿದರೆ ನೀರನ್ನು ಹೀರಿಕೊಳ್ಳದೆ ಬದಿಯಿಂದ ಜಾರಿಸಿಬಿಡುತ್ತದೆ. ಆಗ ಚಟ್ಟಿಯನ್ನು ಅರ್ಧ ಗಂಟೆ ನೀರಿನ ಬೇಸಿನಿನಲ್ಲಿಟ್ಟು ತಳದಿಂದ ನೆನೆಸಿ ತೆಗೆಯಬೇಕು.

ಬೆಳಕನ್ನು ಬದಲಾಯಿಸದೆ ಇಷ್ಟೆಲ್ಲ ಮಾಡಿದರೆ ಪ್ರಯೋಜನ ಅರ್ಧ. ಹಂಚಿನ ಮನೆಯ ಚಾವಡಿ ತಂಪಾಗಿರಲೆಂದೇ ಕಟ್ಟಿದ್ದು. ಇಳಿಮಾಡು, ಅಂಗಳದ ತೆಂಗು, ಕಂಗು ಎಲ್ಲ ಸೇರಿ ಜಡಿಮಳೆಯ ಮಧ್ಯಾಹ್ನ ಅಲ್ಲಿ ಕತ್ತಲೆಯೇ. ಫೋನಿನಲ್ಲಿ ಲಕ್ಸ್ (ಬೆಳಕಿನ ಅಳತೆ) ತೋರಿಸುವ ಆ್ಯಪ್ ಹಾಕಿ ಎಲೆಯ ಜಾಗದಲ್ಲಿ ಹಿಡಿದು ನೋಡಿ. 1000 ಲಕ್ಸಿನ ಆಸುಪಾಸು ಇದ್ದರೆ ಮನಿಪ್ಲಾಂಟ್ ಹೊಸ ಎಲೆ ಬಿಡುತ್ತದೆ. ಇನ್ನೂರು ಮುನ್ನೂರಿದ್ದರೆ ಜೀವ ಹಿಡಿದುಕೊಂಡಿರುತ್ತದೆ ಅಷ್ಟೇ. ಆ್ಯಪ್ ಬೇಡವೆಂದರೆ ಬಿಳಿ ಕಾಗದದ ಮೇಲೆ ಒಂದು ಅಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳಿನ ಅಂಚು ಮಸುಕಾಗಿಯಾದರೂ ಕಾಣಬೇಕು, ಏನೂ ಕಾಣದಿದ್ದರೆ ಅದು ಗಿಡದ ಜಾಗವಲ್ಲ. ಇರಚಲು ಹೊಡೆಯದ ಜಗಲಿಯ ಒಳಬದಿ ಅಥವಾ ಪೂರ್ವದ ಕಿಟಕಿಯಿಂದ ಎರಡು ಅಡಿಯೊಳಗೆ ಇಡಿ. ಅದೂ ಆಗದಿದ್ದರೆ 9 ವಾಟಿನ ಸಾಮಾನ್ಯ ಬಿಳಿ ಎಲ್ಇಡಿ ಬಲ್ಬನ್ನು ಎಲೆಯಿಂದ ಒಂದು ಅಡಿ ಮೇಲೆ ಕಟ್ಟಿ ದಿನಕ್ಕೆ 12 ಗಂಟೆ ಉರಿಸಿ. ತಿಂಗಳಿಗೆ 3 ಯೂನಿಟ್ ಕರೆಂಟ್ ಸಾಕು. ಬೆಳಕು ಬಂದರೆ ಎಲೆ ನೀರು ಎಳೆಯುತ್ತದೆ, ಮಣ್ಣು ತಾನಾಗಿ ಆರುತ್ತದೆ. ಪೀಸ್ ಲಿಲ್ಲಿ ನೆರಳಿನ ಗಿಡವೆಂದು ಮೂಲೆಗೆ ಹಾಕುವುದೂ ಸರಿಯಲ್ಲ, ಬೆಳಕಿಲ್ಲದೆ ಅದು ಹೂ ಬಿಡುವುದೇ ಇಲ್ಲ.

ಪೀಸ್ ಲಿಲ್ಲಿಯ ಕಂದು ತುದಿ ಹಸಿರಾಗುವುದಿಲ್ಲ. ಬೇರು ಸತ್ತದ್ದೂ ಹಸಿಗೊಬ್ಬರದ ಲವಣವೂ ಸೇರಿ ಆದದ್ದು. ಕತ್ತರಿಯಲ್ಲಿ ಎಲೆಯ ಆಕಾರಕ್ಕೇ ಕತ್ತರಿಸಿಬಿಡಿ. ಹೊಸ ಎಲೆ ಹೇಗೆ ಬರುತ್ತದೆ ಎಂಬುದನ್ನಷ್ಟೇ ಗಮನಿಸಿ.

ಇನ್ನು ಔಷಧ. ತೋಟದ ಕೀಟನಾಶಕವನ್ನು ಮನೆಯೊಳಗೆ ತರಲೇಬೇಡಿ. ಮಕ್ಕಳು ಓದುವ, ಊಟ ಮಾಡುವ, ಮಲಗುವ ಜಾಗ ಅದು. ನೆಲ ಒರೆಸಿದರೂ ಹೋಗದಂತೆ ಗೋಡೆ, ಬಟ್ಟೆಗಳಲ್ಲಿ ಉಳಿಯುತ್ತದೆ, ಅದನ್ನು ಕಳೆಯಲು ಅಲ್ಲಿ ಬಿಸಿಲೂ ಇಲ್ಲ ಮಳೆಯೂ ಇಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದರ ಫಲವನ್ನು ನಮ್ಮ ಜಿಲ್ಲೆಯ ಎಣ್ಮಕಜೆಯಂಥ ಊರುಗಳು ಇಂದಿಗೂ ಉಣ್ಣುತ್ತಿವೆ. ಸುಪ್ರೀಂ ಕೋರ್ಟ್ ಅದನ್ನು ದೇಶವಿಡೀ ನಿಷೇಧಿಸಿದ್ದು 2011ರಲ್ಲಿ. ಮನೆಯ ಅಂದಕ್ಕೆ ತಂದ ಗಿಡಕ್ಕಾಗಿ ವಿಷದ ಬಾಟಲಿಯನ್ನು ಚಾವಡಿಗೆ ತರುವ ಅಗತ್ಯ ಯಾವ ಕಾರಣಕ್ಕೂ ಇಲ್ಲ.

ಹತ್ತಿಯಂಥ ಹುಳ ಮೀಲಿಬಗ್, ಅಂದರೆ ಹಿಟ್ಟು ತಿಗಣೆ. ಅದರ ಮೈಮೇಲಿನ ಮೇಣಕ್ಕೆ ನೀರು ಅಂಟುವುದಿಲ್ಲ. ಕಿವಿ ಕಡ್ಡಿಯನ್ನು ಶೇ. 70ರ ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೇ ಮುಟ್ಟಿ ಒರೆಸಿ. ಎಲೆ ಕಾಂಡ ಸೇರುವ ಸಂದಿ, ಎಲೆಯಡಿಯ ನಡುನರ, ಚಟ್ಟಿಯ ಅಂಚಿನ ಒಳಮೈ ಬಿಡಬೇಡಿ. ಮಾರನೆಯ ಸಂಜೆ ಕಹಿಬೇವಿನ ಎಣ್ಣೆ 5 ಮಿಲಿಲೀಟರಿಗೆ 2 ಮಿಲಿಲೀಟರ್ ಪಾತ್ರೆ ತೊಳೆಯುವ ದ್ರವಸೋಪು ಸೇರಿಸಿ ಚೆನ್ನಾಗಿ ಕದಡಿ, ಆಮೇಲೆ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಹಾಕಿ ಸಿಂಪಡಿಸಿ. ಎಣ್ಣೆಯನ್ನು ನೇರ ನೀರಿಗೆ ಹಾಕಿದರೆ ತೇಲಿ, ಎಲೆಯ ಮೇಲೆ ಬೊಟ್ಟುಬೊಟ್ಟಾಗಿ ಬಿದ್ದು ಸುಡುತ್ತದೆ. ಮೊದಲು ಒಂದು ಎಲೆಗೆ ಹಾಕಿ ಎರಡು ದಿನ ನೋಡಿ. ಮೊಟ್ಟೆಗಳು ಒಂದು ಸಲಕ್ಕೆ ಸಾಯುವುದಿಲ್ಲ, ವಾರಕ್ಕೊಮ್ಮೆಯಂತೆ ನಾಲ್ಕು ವಾರ ಮಾಡಬೇಕು. ಇರುವೆ ಸಾಲು ಕಂಡರೆ ಅದರ ದಾರಿ ಕಡಿಯಿರಿ. ಈ ಹುಳ ಬಿಡುವ ಸಿಹಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಹೊಸ ಚಿಗುರಿಗೆ ಹೊತ್ತೊಯ್ಯುತ್ತವೆ.

ಕಪ್ಪು ನೊಣದ ಮರಿಗಳು ಬದುಕುವುದು ಒದ್ದೆ ಮಣ್ಣಿನ ಮೇಲಿನ ಎರಡು ಮೂರು ಸೆಂಟಿಮೀಟರಿನಲ್ಲಿ. ಮಿಶ್ರಣ ಬದಲಿಸಿ ಮೇಲ್ಮೈ ಒಣಗಲು ಬಿಟ್ಟರೆ ಅವು ಹೋಗುತ್ತವೆ. ಬೆಳೆದು ಹಾರುವ ನೊಣಗಳಿಗೆ ಹಳದಿ ಅಂಟುಕಾರ್ಡ್ ಒಂದನ್ನು ಚುಚ್ಚಿಡಿ, ಒಂದು ತಿಂಗಳಾದರೂ ಇರಲಿ.

ಬೋರ್ಡೊ ದ್ರಾವಣ ಅಡಿಕೆಗೆ ಸರಿ, ಇಲ್ಲಿಗೆ ಬೇಡ. ಅದು ಎಲೆ, ಗೊನೆಗಳ ಮೇಲೆ ಪದರವಾಗಿ ನಿಂತು ರೋಗ ತಗಲದಂತೆ ಕಾಯುವುದೇ ಹೊರತು ಕೊಳೆತ ಬೇರನ್ನು ಗುಣಪಡಿಸದು. ಆರದೆ ಒದ್ದೆಯಿರುವ ಮೃದು ಎಲೆಯನ್ನು ಅದರಲ್ಲಿರುವ ತಾಮ್ರ ಸುಡುತ್ತದೆ. ಬದಲಿಗೆ ಬೇರುಕೊಳೆ ತರುವ ಜೀವಿಗಳನ್ನು ತಡೆಯುವ ಟ್ರೈಕೊಡರ್ಮಾ ಹುಡಿಯನ್ನು ಕಿಲೋ ಮಿಶ್ರಣಕ್ಕೆ 10 ಗ್ರಾಮಿನಂತೆ ನೆಡುವಾಗ ಬೆರೆಸಿ. ಪಂಚಾಯತಿನ ಕೃಷಿಭವನದಲ್ಲಿ ವಿಚಾರಿಸಿ, ಗೊಬ್ಬರದಂಗಡಿಗಳಲ್ಲೂ ಸಿಗುತ್ತದೆ. ತಯಾರಾದ ತಾರೀಕು ನೋಡಿಯೇ ತನ್ನಿ, ಅದು ಜೀವವಿರುವ ಶಿಲೀಂಧ್ರ. ಅದಕ್ಕೂ ಬೋರ್ಡೊಗೂ ಆಗದು, ತಾಮ್ರ ಅದನ್ನೂ ಕೊಲ್ಲುತ್ತದೆ.

ಗಿಡ ಕತ್ತರಿಸುವಾಗ ಕೈಗೆ ಗ್ಲೌಸ್ ಇರಲಿ. ಮನಿಪ್ಲಾಂಟೂ ಪೀಸ್ ಲಿಲ್ಲಿಯೂ ಪತ್ರೊಡೆಯ ಕೆಸುವಿನ ಕುಟುಂಬದವೇ. ಕೆಸು ತುರಿಸುವುದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇವುಗಳಲ್ಲೂ ಇವೆ. ಅಂಬೆಗಾಲಿಡುವ ಮಗು, ಬೆಕ್ಕು, ನಾಯಿ ಇದ್ದರೆ ಎಟಕದ ಎತ್ತರದಲ್ಲಿಡಿ.

ಗೊಬ್ಬರವನ್ನು ಎರಡು ಹೊಸ ಎಲೆ ಬರುವವರೆಗೆ ಮುಟ್ಟಬೇಡಿ. ಅದು ಸೆಪ್ಟೆಂಬರ್ ಆದೀತು. ಆಮೇಲೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಗೊಬ್ಬರ ಲೀಟರಿಗೆ 1 ಗ್ರಾಂ, ಮೂರು ವಾರಕ್ಕೊಮ್ಮೆ, ಒದ್ದೆಯಿರುವ ಮಣ್ಣಿಗೆ ಮಾತ್ರ.

ಕೊನೆಗೆ ಸ್ನೇಕ್ ಪ್ಲಾಂಟ್. ಮೆತ್ತಗಾಗಿ ನಾರುವ ಬುಡ ಮತ್ತೆ ಗಟ್ಟಿಯಾಗುವುದಿಲ್ಲ, ಆದರೆ ಮೇಲಿನ ಎಲೆ ಗಟ್ಟಿಯಿದ್ದರೆ ಅದರಿಂದ ಗಿಡ ಮಾಡಬಹುದು. ಕೊಳೆತ ಭಾಗಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಮೇಲೆ ಕತ್ತರಿಸಿ. ಕತ್ತರಿಸಿದ ಮೈಯಲ್ಲಿ ಕಂದು ಗೆರೆ ಕಂಡರೆ ಅದು ಹೋಗುವವರೆಗೆ ಇನ್ನೂ ಮೇಲೆ ಹೋಗಿ. ಎಲೆಯನ್ನು 8ರಿಂದ 10 ಸೆಂಟಿಮೀಟರಿನ ತುಂಡುಗಳಾಗಿ ಮಾಡಿ, ಯಾವುದು ಕೆಳತುದಿ ಎಂದು ಗುರುತು ಹಾಕಿಕೊಳ್ಳಿ, ತಲೆಕೆಳಗಾಗಿ ನೆಟ್ಟರೆ ಬೇರು ಬರುವುದಿಲ್ಲ. ಗಾಯ ಒಣಗಲು ಬೇಸಗೆಯಲ್ಲಿ ಎರಡು ದಿನ ಸಾಕು, ಈಗಿನ ಹವೆಗೆ ನಾಲ್ಕೈದು ದಿನ ಬೇಕು. ಅರ್ಧಕ್ಕರ್ಧ ಹಂಚಿನ ಚೂರಿರುವ, ಸ್ವಲ್ಪವೇ ತೇವವಿರುವ ಮಿಶ್ರಣದಲ್ಲಿ ಎರಡು ಸೆಂಟಿಮೀಟರ್ ಆಳಕ್ಕೆ ನೆಡಿ. ಒಂದೆರಡು ತಿಂಗಳಲ್ಲಿ ಬೇರು, ಆಮೇಲೆ ಇನ್ನೂ ಒಂದೆರಡು ತಿಂಗಳು ಕಳೆದು ಮೊಳಕೆ. ಎಲೆಯಂಚು ಹಳದಿಯಿರುವ ಜಾತಿಯಾಗಿದ್ದರೆ ಎಲೆಯ ತುಂಡಿನಿಂದ ಬರುವ ಮರಿ ಬರೀ ಹಸಿರಾಗಿರುತ್ತದೆ, ಏಕೆಂದರೆ ಹೊಸ ಮೊಳಕೆ ಹುಟ್ಟುವ ಒಳಗಿನ ಪದರಕ್ಕೆ ಹಳದಿ ಅಂಚಿನ ಗುಣವಿಲ್ಲ. ಹಳದಿ ಅಂಚೇ ಬೇಕಿದ್ದರೆ ಮಣ್ಣಿನೊಳಗಿನ ಗೆಡ್ಡೆಯನ್ನು ತೊಳೆದು ನೋಡಿ. ಮೊಳಕೆ ಸಹಿತ ಗಟ್ಟಿಯಾಗಿ ಉಳಿದ ತುಂಡು ಸಿಕ್ಕಿದರೆ ಅದನ್ನು ಬೇರ್ಪಡಿಸಿ, ಗಾಯ ಒಣಗಿಸಿ, 4 ಇಂಚಿನ ಚಟ್ಟಿಯಲ್ಲಿ ನೆಟ್ಟು, ಮೊದಲ ಹತ್ತು ದಿನ ನೀರು ಹಾಕದೆ ಬಿಡಿ.